ನಂದಿಕೇರಿಯ ಸರ್

ಕರಿಕಲ್ ಸರಕಾರಿ ಪ್ರೌಢಶಾಲೆಯ ಹತ್ತನೇ ತರಗತಿಯ ಮಕ್ಕಳು ಹೂಡಿದ ಧರಣಿ ಮೊದಲ ದಿನ ಅರ್ಧ ತಾಸು ಕೂಡ ನಿಲ್ಲಲಿಲ್ಲ. ಪೊಲೀಸರು ಬಂದು ಎಬ್ಬಿಸಲಿಲ್ಲ, ಯಾರೂ ಗದರಿಸಲಿಲ್ಲ. ಮಕ್ಕಳೇ ಎದ್ದು ನಿಂತುಬಿಟ್ಟರು. ಅದು ಹೇಗಾಯಿತೆಂದು ಹೇಳಬೇಕಾದರೆ ವೃಂದಾ ಟೀಚರ್ ಹೋದಲ್ಲಿಂದ ಶುರು ಮಾಡಬೇಕು.

ವೃಂದಾ ಟೀಚರ್ ಸೇಡಂನವರು. ಬೆಳಿಗ್ಗೆ ರೈಲು ಹತ್ತಿ ವಾಡಿಯಲ್ಲಿ ಇಳಿದು, ಅಲ್ಲಿಂದ ಟಂಟಂ ಆಟೋದಲ್ಲಿ ಕೋಳಿಬುಟ್ಟಿ, ಹಾಲಿನ ಕ್ಯಾನುಗಳ ನಡುವೆ ಮುದುಡಿ ಕೂತು ಕರಿಕಲ್‌ಗೆ ಬರುತ್ತಿದ್ದರು. ಅತಿಥಿ ಶಿಕ್ಷಕಿ ಎಂಬುದು ಅವರ ಹುದ್ದೆ. ಗಣಿತ ಕಲಿಸುವುದರ ಜೊತೆಗೆ ಬಿಸಿಯೂಟದ ಲೆಕ್ಕ, ಹೆಣ್ಣುಮಕ್ಕಳ ಹೊಟ್ಟೆನೋವು, ಗಂಡುಹುಡುಗರ ಜಗಳ ಎಲ್ಲವೂ ಅವರ ತಲೆಯ ಮೇಲೇ ಇತ್ತು. ದಸರೆಯ ರಜೆ ಮುಗಿದು ಶಾಲೆಯ ಬಾಗಿಲು ತೆರೆದಾಗ ಅವರು ಬರಲಿಲ್ಲ. ಮೇಲಿನಿಂದ ಅನುದಾನ ಕಡಿತವಾಗಿದೆ, ಅತಿಥಿ ಶಿಕ್ಷಕರನ್ನು ಅರ್ಧಕ್ಕೆ ಇಳಿಸಿದ್ದಾರೆ ಎಂದು ಮುಖ್ಯಗುರು ಚಂದ್ರಾಮಪ್ಪನವರು ಪ್ರಾರ್ಥನೆಯ ಹೊತ್ತಿಗೆ ಹೇಳಿದರು. ಹೇಳುವಾಗ ಮಕ್ಕಳ ಮುಖ ನೋಡದೆ ಧ್ವಜದ ಕಂಬ ನೋಡುತ್ತಿದ್ದರು.

ಆ ಮಾತು ಎಲ್ಲರಿಗಿಂತ ಹೆಚ್ಚು ಚುಚ್ಚಿದ್ದು ಸಂಘಮಿತ್ರಾಳಿಗೆ. ಅವಳೇನೂ ಗಣಿತದಲ್ಲಿ ಹುಲಿಯಲ್ಲ. ಒಂದು ಲೆಕ್ಕವನ್ನು ನಾಲ್ಕು ಸಲ ಬಿಡಿಸಿ ತೋರಿಸಿದರೆ ಐದನೆಯದನ್ನು ತಾನೇ ಬಿಡಿಸುವ ಜಾತಿಯವಳು. ತೋರಿಸುವವರು ಬೇಕು, ಅಷ್ಟೇ. ಅವಳ ಅಕ್ಕನಿಗೆ ಅಂಥವರು ಸಿಕ್ಕಿರಲಿಲ್ಲ. ಅಕ್ಕ ಹತ್ತನೇ ತರಗತಿಯಲ್ಲಿದ್ದ ವರ್ಷ ಇದೇ ಶಾಲೆಯ ಗಣಿತದ ಸರ್ ಅವರನ್ನು ನಿಯೋಜನೆಯೆಂದು ಬೇರೆಲ್ಲಿಗೋ ಕಳಿಸಿದ್ದರು. ಉಳಿದೆಲ್ಲ ವಿಷಯಗಳಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಗಣಿತವೊಂದರಲ್ಲೇ ಫೇಲಾಗಿ ಉಳಿದಳು. ಮತ್ತೆ ಪರೀಕ್ಷೆ ಕಟ್ಟಿದಳು, ಮತ್ತೆ ಉಳಿದಳು. ಈಗ ಅವ್ವ ಶಿವಕಾಂತಮ್ಮನ ಜೊತೆ ತೊಗರಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಶಾಲೆಯ ಮುಂದಿನ ದಾರಿಯಲ್ಲಿ ಹೋಗಬೇಕಾದರೆ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾಳೆ. ತನ್ನ ಪಾಲಿಗೂ ಅದೇ ಬರುತ್ತದೆಂದು ಸಂಘಮಿತ್ರಾಳಿಗೆ ಅನಿಸಿತು, ಅನಿಸಿದ ಮೇಲೆ ಊಟ ಸೇರಲಿಲ್ಲ.

ಮಕ್ಕಳು ಅರ್ಜಿ ಕೊಟ್ಟರು. ಚಂದ್ರಾಮಪ್ಪನವರು ಅದನ್ನು ಮೇಲಕ್ಕೆ ಕಳಿಸಿದರು. ಮೇಲೆ ಹೋದದ್ದು ತಿಂಗಳುಗಟ್ಟಲೆ ಮೇಲೇ ಉಳಿಯಿತು. ಆಗ ಶಹಾಬಾದಿನ ಕಾಲೇಜಿನಿಂದ ಕೌಸ್ತುಭ ಬಂದ. ಅವನು ವಿದ್ಯಾರ್ಥಿ ಸಂಘಟನೆಯವನು. ಅವನ ಅಪ್ಪ ಗುಡಿಯಲ್ಲಿ ಮಂತ್ರ ಹೇಳುವವರು, ಮಗ ಬೀದಿಯಲ್ಲಿ ಘೋಷಣೆ ಹೇಳುವವನು, ಮನೆತನದ ಗಂಟಲು ಮಾತ್ರ ಇಬ್ಬರದೂ ಒಂದೇ. ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಹುಡುಗರನ್ನು ಕೂಡಿಸಿಕೊಂಡು ಅವನು ಧರಣಿಯ ಪಾಠ ಮಾಡಿದ.

“ಶಿಕ್ಷಣಾಧಿಕಾರಿ ಕಚೇರಿ ಬಾಗಿಲ ಮುಂದ ಕುಂದ್ರೋದು. ಸಾಹೇಬ್ರು ಹೊರಗ ಬರಾಕ ದಾರಿ ಇರಬಾರದು. ಮಾತಾಡಿದ ಮ್ಯಾಲೇ ದಾರಿ ಬಿಡೋದು. ಬೈದ್ರೂ ಏಳಬ್ಯಾಡ್ರಿ, ಹೆದರಿಸಿದ್ರೂ ಏಳಬ್ಯಾಡ್ರಿ. ಬರಾಬರ್?”

“ಬರಾಬರ್ ಅಣ್ಣಾ,” ಎಂದರು ಎಲ್ಲರೂ. ಘೋಷಣೆ ಕೂಗುವ ಹೊಣೆ ಅಜಯಕುಮಾರನಿಗೆ ಬಂತು, ಅವನ ದನಿ ಗೂಡ್ಸ್ ಗಾಡಿಗೂ ಕೇಳುವಂಥದ್ದು. ಮುಂದೆ ನಿಂತು ಮಾತಾಡುವ ಹೊಣೆಯನ್ನು ಸಂಘಮಿತ್ರಾ ತಾನಾಗಿ ಕೇಳಿ ತೆಗೆದುಕೊಂಡಳು. ಚಂದ್ರಾಮಪ್ಪನವರಿಗೆ ವಿಷಯ ಮುಟ್ಟಿತು. ಅವರು ಕನ್ನಡಕ ಒರೆಸುತ್ತ, “ನೀವು ನನಗ ಹೇಳಿಲ್ಲ, ನಾ ಕೇಳಿಲ್ಲ. ನೀರಿನ ಬಾಟ್ಲಿ ಒಯ್ರಿ,” ಎಂದರು.

ಶಹಾಬಾದಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವ ಸಂಘಮಿತ್ರಾಳ ಅಪ್ಪ ಭಗವಂತ ಮಗಳಿಗೆ ಹೇಳಿದ್ದು ಒಂದೇ ಮಾತು. “ಆ ಕಚೇರಿ ಮುಂದ ಹಾಸಿದ್ದು ನಮ್ಮ ಕಡಿ ಫರಸಿ ಕಲ್ಲೇ. ಬಿಸಿಲಿಗಿ ಹೆಂಚಿನಂಗ ಕಾಯ್ತದ. ಗೋಣಿ ತಟ್ಟು ತಗೊಂಡು ಹೋಗ್ರಿ.”

ಹಾಗೆ ಗೋಣಿ ತಟ್ಟು, ನೀರು, ಘೋಷಣೆ ಎಲ್ಲವನ್ನೂ ಹೊತ್ತು ಮಕ್ಕಳು ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಶಿಕ್ಷಣಾಧಿಕಾರಿಗಳ ಕಚೇರಿಯ ಮೆಟ್ಟಿಲಿನಿಂದ ಜೀಪಿನವರೆಗೂ ಒತ್ತೊತ್ತಾಗಿ ಕೂತರು. ಇಲಿ ನುಸುಳಲೂ ಸಂದಿ ಇರಲಿಲ್ಲ. ಅಜಯಕುಮಾರ ಕೂಗಿದ, ಉಳಿದವರು ದನಿಗೂಡಿಸಿದರು, ಎದುರಿನ ಚಹಾದಂಗಡಿಯವರು ಹೊರಗೆ ಬಂದು ನೋಡಿದರು. ಸಂಘಮಿತ್ರಾಳಿಗೆ ಮೈಯೆಲ್ಲ ಹುರುಪು.

ಅಷ್ಟರಲ್ಲಿ ಬಾಗಿಲು ತೆರೆದು ಸಾಹೇಬರು ಹೊರಗೆ ಬಂದರು. ಬಿಳಿ ಅಂಗಿ, ಕೈಯಲ್ಲಿ ಫೈಲು, ಮೂಗಿನ ತುದಿಯಲ್ಲಿ ಕನ್ನಡಕ. ಸಂಘಮಿತ್ರಾ ದಡಕ್ಕನೆ ಎದ್ದು ನಿಂತು ಕೈಮುಗಿದಳು. ಅವಳ ಹಿಂದೆ ಇಡೀ ತರಗತಿ ಎದ್ದಿತು. ಒಂದನೇ ತರಗತಿಯಿಂದ ರೂಢಿಯಾದ ರಾಗದಲ್ಲಿ, “ನಮ...ಸ್ತೇ... ಸಾ...ರ್” ಎಂದು ಎಲ್ಲರೂ ಒಟ್ಟಿಗೆ ಎಳೆದರು. ಬೈದರೆ ಏಳಬಾರದು, ಹೆದರಿಸಿದರೆ ಏಳಬಾರದು ಎಂದು ಕಲಿಸಿದ್ದ ಕೌಸ್ತುಭ ಸಾಹೇಬರು ಸುಮ್ಮನೆ ಬಾಗಿಲಲ್ಲಿ ಬಂದು ನಿಂತರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಅವನೂ ಸರಕಾರಿ ಶಾಲೆಯಲ್ಲೇ ಓದಿದವನು. ಮೂಲೆಯಲ್ಲಿ ಅವನೂ ಕೈಮುಗಿದು ನಿಂತಿದ್ದ.

ಸಾಹೇಬರೂ ಹಿಂದೆ ಮೇಷ್ಟ್ರಾಗಿದ್ದವರೇ. ಅವರ ಕೈ ತಾನಾಗಿ ಮೇಲೆದ್ದಿತು. “ಕುಂದ್ರಿ, ಕುಂದ್ರಿ,” ಎನ್ನುತ್ತ ನಿಂತ ಮಕ್ಕಳ ನಡುವೆ ಆದ ದಾರಿಯಲ್ಲಿ ನಡೆದು ಜೀಪು ಹತ್ತಿದರು. ಮಕ್ಕಳು ಅವರ ಮಾತು ಕೇಳಿ ಕೂತರು. ಕೂತ ಮೇಲೆ ನೋಡಿದರೆ ಜೀಪು ಗೇಟು ದಾಟಿತ್ತು.

ಮರಳಿ ಬರುವ ಬಸ್ಸಿನಲ್ಲಿ ಊರು ಹತ್ತಿರ ಬಂದಾಗ ಅಜಯಕುಮಾರ, “ಲೀಡರ್ ಮೇಡಂನವರೇ ಮೊದಲ ಎದ್ರು,” ಎಂದು ಕುಟುಕಿದ. ಸಂಘಮಿತ್ರಾಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮನೆಯಲ್ಲಿ ಹೇಳಿದಾಗ ಅವ್ವ ಶಿವಕಾಂತಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕ ನಗಲಿಲ್ಲ.

ಮರುದಿನ ಉಪಾಯ ಹೇಳಿದವಳು ಗೆಳತಿ ಫರಹತ. “ಸಾಹೇಬ್ರು ಕಣ್ಣಿಗಿ ಕಂಡ್ರ ತಾನೇ ನಾವು ಏಳೋದು? ಬಾಗಿಲಕ್ಕ ಬೆನ್ನು ಮಾಡಿ ಕುಂದ್ರಮು.”

ಹಿರಿಯರಿಗೆ ಬೆನ್ನು ಮಾಡುವುದೆಂದರೆ ಸಣ್ಣ ಮಾತಲ್ಲ. ಅರ್ಧ ಹುಡುಗರು ಬೇಡವೆಂದರು. ಆದರೂ ಬೇರೆ ದಾರಿ ಕಾಣಲಿಲ್ಲ. ಎರಡನೆಯ ಸಲ ಹೋದಾಗ ಎಲ್ಲರೂ ರಸ್ತೆಗೆ ಮುಖ ಮಾಡಿ ಕೂತು ಗಣಿತದ ಪುಸ್ತಕ ಬಿಚ್ಚಿದರು. ಹಿಂದೆ ಬಾಗಿಲು ಕಿರುಗುಟ್ಟಿತು. ಚಪ್ಪಲಿಯ ಸದ್ದು ಬಂದು ನಿಂತಿತು. ಸಂಘಮಿತ್ರಾ ಎರಡೂ ಕೈಗಳಿಂದ ಗೋಣಿ ತಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು, ತನ್ನ ಕಾಲುಗಳ ಮೇಲೆ ಅವಳಿಗೆ ನಂಬಿಕೆಯಿರಲಿಲ್ಲ.

“ಏನಿದು?” ಸಾಹೇಬರ ದನಿ. ಯಾರೂ ತಿರುಗಲಿಲ್ಲ. ಅವರು ಹಿಂದೆ ನಿಂತು ಒಂದೆರಡು ಸಲ ಕೆಮ್ಮಿದರು. ಕಡೆಗೆ ಗೋಡೆಯ ಪಕ್ಕದಿಂದ ಸುತ್ತು ಹಾಕಿ ಮಕ್ಕಳ ಮುಂದೆ ಬಂದು ನಿಂತರು. ಅಷ್ಟು ಹೊತ್ತಿಗೆ ಮಕ್ಕಳ ಕಣ್ಣು ಪುಸ್ತಕದಲ್ಲಿ ಹೂತುಹೋಗಿತ್ತು.

“ಏನವ್ವಾ, ಏನ್ ಓದಾಕತ್ತೀರಿ?”

“ತ್ರಿಕೋನಮಿತಿ ರೀ ಸರ್,” ಸಂಘಮಿತ್ರಾ ತಲೆಯೆತ್ತದೆ ಹೇಳಿದಳು. “ಮೊದಲನೇ ಲೆಕ್ಕಕ್ಕ ನಿಂತೀವ್ರಿ. ಮುಂದ ಹ್ಯಾಂಗ ಅಂತ ಹೇಳಾಕ ಯಾರೂ ಇಲ್ರಿ.”

ಸಾಹೇಬರು ಬಗ್ಗಿ ಅವಳ ಪುಸ್ತಕ ನೋಡಿದರು. ಅವರೇನೂ ಕೆಟ್ಟವರಲ್ಲ, ಅವರ ಮೇಜಿನ ಮೇಲೆ ಹೀಗೆ ಬೇಡುವ ಶಾಲೆಗಳ ಅರ್ಜಿ ರಾಶಿಯಾಗಿ ಬಿದ್ದಿತ್ತು, ಕೊಡಲು ಕೈಯಲ್ಲಿ ಏನೂ ಇರಲಿಲ್ಲ. ಎದುರಿನ ಅಂಗಡಿಯಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದದ್ದೂ ಅವರ ಕಣ್ಣಿಗೆ ಬಿತ್ತು. ಮುಖ ಒರೆಸಿಕೊಂಡು ಹೇಳಿದರು: “ಸೋಮವಾರ ನಿಮ್ಮ ಸಾಲಿಗಿ ಗಣಿತದ ಸರ್ ಬರ್ತಾರ. ನಾ ಮಾತು ಕೊಟ್ಟೀನಿ. ಈಗ ಏಳ್ರಿ.”

ಕರಿಕಲ್ ಅಂದು ಹಬ್ಬ ಮಾಡಿತು. ಕೌಸ್ತುಭ ಹೋರಾಟದ ವಿಜಯವೆಂದು ಉದ್ದನೆಯ ಭಾಷಣ ಬಿಗಿದ. ಅಜಯಕುಮಾರ ಲೀಡರ್ ಮೇಡಂಗೆ ಸ್ವಂತ ಖರ್ಚಿನಲ್ಲಿ ಮಿರ್ಚಿ ಭಜಿ ತಿನ್ನಿಸಿದ. ಸೋಮವಾರ ಹೇಳಿದ ಹಾಗೆ ವಿಠ್ಠಲ ಸರ್ ಬಂದರು. ಮಾಸಿದ ಮೋಪೆಡ್, ಹಣೆಯಲ್ಲಿ ಅಕ್ಷತೆ ಅಂಗಾರ, ಜೇಬಿನಲ್ಲಿ ಬಣ್ಣಬಣ್ಣದ ಸೀಮೆಸುಣ್ಣ. ಅವರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ ಧ್ವಜದ ಕಂಬದ ನೆರಳನ್ನು ಅಳೆಸಿದರು, ಹಗ್ಗ ಹಿಡಿಸಿದರು, ಕಂಬ ಹತ್ತದೆಯೇ ಅದರ ಎತ್ತರ ಹೇಳಿಸಿದರು. ಆ ಲೆಕ್ಕ ಸಂಘಮಿತ್ರಾಳಿಗೆ ಮೊದಲ ಸಲಕ್ಕೇ ತಿಳಿಯಿತು. ಒಂದೇ ಸಲಕ್ಕೆ ತಿಳಿದದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಖುಷಿಗೆ ಅಳು ಬರುವಂತಾಯಿತು.

ಸರ್ ಮಾತ್ರ ಪಾಠದ ನಡುವೆ ಆಗಾಗ ಕಿಟಕಿಯಿಂದ ರಸ್ತೆ ನೋಡುತ್ತಿದ್ದರು.

ಎರಡು ದಿನ ಕಳೆದು ಮಧ್ಯಾಹ್ನದ ಪಾಠ ನಡೆದಿದ್ದಾಗ ಬಾಗಿಲಲ್ಲಿ ಸಣ್ಣ ಮಕ್ಕಳ ಗುಂಪೊಂದು ಬಂದು ನಿಂತಿತು. ಬೆನ್ನಿಗೆ ಚೀಲ, ಮೊಣಕಾಲವರೆಗೆ ಧೂಳು, ಹಾದಿಯ ಗಿಡಗಳ ಮೇಲೆ ಕೂತ ಕಾರ್ಖಾನೆಯ ಸಿಮೆಂಟಿನ ಬೂದಿ ಬಣ್ಣವೇ ತಲೆಗೂದಲಿಗೂ ಬಂದಿತ್ತು. ಮುಂದೆ ನಿಂತಿದ್ದ ಎರಡು ಜಡೆಯ ಹುಡುಗಿ, “ಸರ್, ಒಳಗ ಬರ್ಲೇನ್ರಿ?” ಎಂದು ಕೇಳಿದಳು.

ವಿಠ್ಠಲ ಸರ್ ಕೈಯಲ್ಲಿನ ಸೀಮೆಸುಣ್ಣ ಹಾಗೇ ನಿಂತಿತು. “ಜಗದೇವಿ, ನೀ ಇಲ್ಲಿಗ್ಯಾಕ ಬಂದಿ? ಹ್ಯಾಂಗ ಬಂದ್ರಿ ನೀವು?”

“ನಡಕೋತ ಬಂದೀವ್ರಿ. ಹೆಡ್ ಸರ್ ಮೀಟಿಂಗಿಗಿ ಹೋಗ್ಯಾರ್ರಿ. ಸಾಲಿ ಬಾಗ್ಲ ಹಾಕ್ಯಾರ. ನೀವು ಇಲ್ಲಿ ಅದೀರಿ ಅಂತ ಟಂಟಂನವ ಹೇಳ್ದ.”

ಅವರೆಲ್ಲ ನಂದಿಕೇರಿಯ ಮಕ್ಕಳು. ಒಂದರಿಂದ ಏಳನೇ ತರಗತಿಯವರೆಗಿನ ಆ ಶಾಲೆಗೆ ಇದ್ದವರು ಇಬ್ಬರೇ ಶಿಕ್ಷಕರು. ಒಬ್ಬರು ಮೀಟಿಂಗಿಗೆ, ಬಿಸಿಯೂಟದ ಮೊಟ್ಟೆಗೆ, ಗಣತಿಗೆ ಎಂದು ತಿರುಗುವ ಹೆಡ್ ಸರ್, ಇನ್ನೊಬ್ಬರು ವಿಠ್ಠಲ ಸರ್. ಸಾಹೇಬರು ಮಾತು ಉಳಿಸಿಕೊಂಡಿದ್ದರು, ಆ ಶಾಲೆಯಿಂದ ಕಿತ್ತು ಈ ಶಾಲೆಗೆ ಕೊಟ್ಟು. ಕಾಗದದ ಮೇಲೆ ಇದಕ್ಕೆ ನಿಯೋಜನೆ ಎಂಬ ಸಭ್ಯ ಹೆಸರಿದೆ.

ಸರ್ ಬಂದ ಮಕ್ಕಳನ್ನು ಒಳಗೆ ಕರೆದು ಹಿಂದಿನ ಸಾಲಿನಲ್ಲಿ ಕೂಡಿಸಿದರು. ಏನೂ ತಿಳಿಯದ ತ್ರಿಕೋನಮಿತಿಯನ್ನು ಆ ಮಕ್ಕಳು ಬಾಯಿ ತೆರೆದು ಕೇಳಿದರು, ಹಲಗೆಯ ಮೇಲಿದ್ದುದನ್ನೆಲ್ಲ ಬರೆದುಕೊಂಡರು. ಅವರಿಗೆ ತಮ್ಮ ಸರ್ ದನಿ ಕೇಳಿದರೆ ಸಾಕಾಗಿತ್ತು. ಸಂಘಮಿತ್ರಾಳಿಗೆ ಅಂದು ಯಾವ ಲೆಕ್ಕವೂ ತಲೆಗೆ ಹೋಗಲಿಲ್ಲ. ಸಂಜೆ ಸರ್ ಮೋಪೆಡ್ ಹತ್ತಿರ ಒಬ್ಬರೇ ಇದ್ದಾಗ ಹೋಗಿ ಕೇಳಿದಳು: “ಸರ್, ನಿಮಗ ಎಲ್ಲಿ ಇರಬೇಕಂತ ಅದ್ರಿ?”

“ನನ್ನ ಯಾರು ಕೇಳ್ತಾರವ್ವಾ? ಆರ್ಡರ್ ಬಂದದ, ಬಂದೀನಿ,” ಎಂದರು ಸರ್. ಮೋಪೆಡ್ ಎಷ್ಟು ತುಳಿದರೂ ಶುರುವಾಗಲಿಲ್ಲ. “ನಿಮಗೂ ಪರೀಕ್ಷಿ ಅದ. ನಿಮ್ಮದು ಏನೂ ತಪ್ಪಿಲ್ಲ. ನೀ ತಲಿ ಕೆಡಿಸ್ಕೋಬ್ಯಾಡ.”

ಮನೆಗೆ ಬಂದು ಅಕ್ಕನಿಗೆ ಎಲ್ಲವನ್ನೂ ಹೇಳಿದಳು. ಸರ್ ಅವರನ್ನು ವಾಪಸ್ ಕೊಟ್ಟರೆ ಹೇಗೆ ಎಂದದ್ದೇ ತಡ, ಅಕ್ಕ ತೊಗರಿ ಕೇರುವ ಮೊರವನ್ನು ನೆಲಕ್ಕೆ ಕುಕ್ಕಿದಳು.

“ಹುಚ್ಚಿ ಇದ್ದಿ ಏನು? ಸಿಕ್ಕಿದ್ದು ಗಟ್ಟಿ ಹಿಡ್ಕೊ. ಯಾರೂ ಯಾರಿಗೂ ವಾಪಸ್ ಕೊಡಂಗಿಲ್ಲ. ನಮ್ಮ ಸರ್‌ನ ಒಯ್ದವರು ನಮಗ ತಂದು ಕೊಟ್ರೇನು? ಅವರು ಖುಷಿಲಿಂದ ಪಾಸಾದ್ರು. ನಾ ಇಲ್ಲಿ ಕುಂತೀನಿ.” ಅಷ್ಟು ಹೇಳಿ ಅಕ್ಕ ಅತ್ತಳು. ಇಷ್ಟು ವರ್ಷ ಆ ವಿಷಯಕ್ಕೆ ಅವಳು ಅತ್ತದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಸಂಘಮಿತ್ರಾ ಅಕ್ಕನ ಕೈ ಹಿಡಿದು ಕೂತಳು. ಅಕ್ಕನ ಸರ್ ಯಾವ ಊರಿಗೆ ಹೋಗಿದ್ದರೋ, ಅಲ್ಲಿನ ಮಕ್ಕಳು ಅಂದು ಮಿರ್ಚಿ ಭಜಿ ತಿಂದಿದ್ದರೋ ಏನೋ. ಅವರೂ ತಮ್ಮಂಥ ಮಕ್ಕಳೇ ಇದ್ದಿರಬೇಕು, ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಂದ ಆಗಲಿಲ್ಲ. ಆದರೆ ಅಕ್ಕನನ್ನು ಹುಡುಕಿಕೊಂಡು ಒಬ್ಬರೂ ಈ ಮನೆಯ ಬಾಗಿಲಿಗೆ ಬಂದಿರಲಿಲ್ಲ.

ಮರುದಿನ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. ಅಜಯಕುಮಾರ ಬೆಂಚು ಗುದ್ದಿದ. “ಪರೀಕ್ಷಿ ನಮಗದ, ಅವರಿಗಿಲ್ಲ. ಅವರು ಸಣ್ಣವರು. ಮುಂದಿನ ವರ್ಷ ಕಲೀತಾರ.”

“ಮುಂದಿನ ವರ್ಷ ಅವರಿಗಿ ಯಾರು ಕಲಸ್ತಾರ?” ಎಂದಳು ಸಂಘಮಿತ್ರಾ. “ನಾಳೆ ಅವರೂ ಹತ್ತನೇ ಕ್ಲಾಸಿಗಿ ಇದೇ ಸಾಲಿಗಿ ಬರ್ತಾರ. ಆಗ ನಾವು ಅವರಿಗಿ ಏನಂತ ಮುಖ ತೋರಸೋದು?”

“ನೀನೇ ಮಾತಾಡಿ ತಂದಿ, ನೀನೇ ಕೊಡು ಅಂತಿ. ಫೇಲ್ ಆದ್ರ ನಿಮ್ಮಕ್ಕನಂಗ ಕೂಲಿಗಿ ಹೋಗ್ತೀ ಏನು?”

ಆಡಿದ ಮೇಲೆ ಅಜಯಕುಮಾರನಿಗೇ ನಾಚಿಕೆಯಾಗಿ ತಲೆ ತಗ್ಗಿಸಿದ. ಸಂಘಮಿತ್ರಾ ಹೇಳಿದಳು: “ನನಗ ಅದರದೇ ಹೆದರಿಕಿ ಅದ. ಭಾಳ ಅದ. ಆದ್ರ ಆ ಜಗದೇವಿನ್ನ ನೋಡಿದ ಮ್ಯಾಲ ನನಗ ಆ ಸರ್ ಪಾಠ ತಲಿಗಿ ಹತ್ತಲ್ಲ, ಏನ್ ಮಾಡ್ಲಿ?” ಮೊದಲು ಪುಸ್ತಕ ಮುಚ್ಚಿ ಎದ್ದವಳು ಫರಹತ. ಅಜಯಕುಮಾರ ಗೊಣಗುತ್ತಲೇ ಗೋಣಿ ತಟ್ಟುಗಳನ್ನು ಹೊತ್ತುಕೊಂಡ. ಬರದೆ ಉಳಿದವರೂ ಇದ್ದರು, ಅವರನ್ನು ಯಾರೂ ಬೈಯಲಿಲ್ಲ.

ಈ ಸಲ ಕಚೇರಿಯ ಮುಂದೆ ಕರಿಕಲ್‌ನ ಮಕ್ಕಳು, ಟಂಟಂನವನ ಕೈಲಿ ಹೇಳಿಕಳಿಸಿ ಕರೆಸಿದ ನಂದಿಕೇರಿಯ ಮಕ್ಕಳು ಕಲೆತು ಕೂತರು. ಕೌಸ್ತುಭ ಬಂದವನು, ಇಂಥ ಬೇಡಿಕೆಗೆ ಘೋಷಣೆ ಹೇಗೆ ಕಟ್ಟಬೇಕೆಂದು ತಿಳಿಯದೆ ಸುಮ್ಮನೆ ಕೂತ. ಸುದ್ದಿ ತಿಳಿದು ವಿಠ್ಠಲ ಸರ್ ಗಾಬರಿಯಿಂದ ಮೋಪೆಡ್ ಓಡಿಸಿಕೊಂಡು ಬಂದು ಗೇಟಿನ ಹೊರಗೇ ನಿಂತರು.

ಸಾಹೇಬರು ಹೊರಗೆ ಬಂದು ಹುಬ್ಬು ಗಂಟಿಕ್ಕಿದರು. “ನಿಮ್ಮ ಬೇಡಿಕಿ ಪೂರಾ ಆತಲ್ಲ? ಮತ್ತ ಎದಕ ಬಂದೀರಿ?”

“ವಿಠ್ಠಲ ಸರ್ ಅವರನ್ನ ವಾಪಸ್ ಕೊಡಾಕ ಬಂದೀವ್ರಿ,” ಎಂದಳು ಸಂಘಮಿತ್ರಾ. “ಅವರು ನಂದಿಕೇರಿ ಸರ್ ಅದಾರ್ರಿ.”

ಸಾಹೇಬರು ಇಷ್ಟು ವರ್ಷದ ನೌಕರಿಯಲ್ಲಿ ಶಿಕ್ಷಕರನ್ನು ಕೊಡಿ ಎಂದು ಬಂದವರನ್ನು ಕಂಡಿದ್ದರು, ತಗೊಳ್ಳಿ ಎಂದು ಬಂದವರು ಇವರೇ ಮೊದಲು. “ಮತ್ತ ನಿಮಗ?”

“ನಮಗ ವೃಂದಾ ಟೀಚರ್ ಬೇಕ್ರಿ. ಇಲ್ಲಂದ್ರ ಬ್ಯಾರೆಯವರು ಆದ್ರೂ ಬೇಕ್ರಿ. ಆದ್ರ ಇನ್ನೊಂದು ಸಾಲಿ ಬಾಗ್ಲ ಹಾಕಿಸಿ ತಂದವರು ಬ್ಯಾಡ್ರಿ.”

“ಅದಕ್ಕ ರೊಕ್ಕ ಮ್ಯಾಲಿಂದ ಬರಬೇಕು. ಅದು ನನ್ನ ಕೈಯಾಗ ಇಲ್ಲ, ಖರೇ ಹೇಳ್ತೀನಿ.” ಸಾಹೇಬರ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. “ನೋಡವ್ವಾ, ನಾ ಈಗೇ ಬರೆದು ಅವರನ್ನ ವಾಪಸ್ ಕಳಸ್ತೀನಿ. ಆದ್ರ ನಿಮಗ ಯಾವಾಗ ಯಾರು ಬರ್ತಾರ ಅಂತ ಹೇಳಾಕ ಆಗಲ್ಲ. ಬರದೇನೂ ಇರಬಹುದು. ಪರೀಕ್ಷಿ ಸನಿಹಕ್ಕ ಬಂತು. ವಿಚಾರ ಮಾಡಿ ಹೇಳು. ಬರೀಲಿ?”

ಎಲ್ಲರ ಕಣ್ಣೂ ಅವಳ ಮೇಲೆ. ಮುಖಕ್ಕೆ ಸೆರಗು ಎಳೆದುಕೊಂಡು ಶಾಲೆ ದಾಟುವ ಅಕ್ಕ ಕಣ್ಣ ಮುಂದೆ ಬಂದಳು. ಬೇಡ, ಇನ್ನೆರಡು ತಿಂಗಳು ಇರಲಿ ಎಂದುಬಿಡೋಣ ಅನಿಸಿತು. ಹಾಗೆ ಅನಿಸಿದ್ದು ಸುಳ್ಳಲ್ಲ, ಬಾಯಿಯವರೆಗೂ ಬಂದಿತ್ತು.

“ಬರೀರಿ ಸರ್,” ಎಂದಳು.

ಸಾಹೇಬರು ಒಳಗೆ ಹೋಗಿ ಬರೆದು ತಂದ ಆದೇಶವನ್ನು ಗೇಟಿನಲ್ಲಿದ್ದ ವಿಠ್ಠಲ ಸರ್ ಕೈಗೆ ಕೊಟ್ಟರು. ಸರ್ ಅದನ್ನು ಓದಿ ಸಂಘಮಿತ್ರಾಳ ಕಡೆ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಂದಿಕೇರಿಯ ಮಕ್ಕಳು ಹೋ ಎಂದು ಕೂಗಿದರು. ಅವರ ಖುಷಿಯನ್ನು ನೋಡುತ್ತ ಸಂಘಮಿತ್ರಾ ಮುಚ್ಚುಮರೆಯಿಲ್ಲದೆ ಅತ್ತಳು. ಒಳ್ಳೆಯದು ಮಾಡಿದೆನೆಂಬ ಸಮಾಧಾನಕ್ಕಿಂತ ಕಳೆದುಕೊಂಡೆನೆಂಬ ಸಂಕಟವೇ ಆ ಗಳಿಗೆಯಲ್ಲಿ ದೊಡ್ಡದಾಗಿತ್ತು.

“ನಾವು ಇಲ್ಲೇ ಕುಂದರ್ತೀವ್ರಿ,” ಎಂದು ಅವಳು ಸಾಹೇಬರಿಗೆ ಹೇಳಿದಳು. “ನಮಗ ಸರ್ ಬರೋತನಕ. ದಿನಾ ಬರ್ತೀವ್ರಿ.” ಅಜಯಕುಮಾರ ಗಂಟಲು ಸರಿಪಡಿಸಿಕೊಂಡ. ಸಾಹೇಬರು ಒಳಗೆ ಹೋದರು, ಹೋದವರು ಬಾಗಿಲು ಹಾಕಿಕೊಳ್ಳಲಿಲ್ಲ.

ಬಿಸಿಲೇರಿತು. ವಿಠ್ಠಲ ಸರ್ ಮೋಪೆಡ್ ತಿರುಗಿಸಿ ಮಕ್ಕಳನ್ನು ಕರೆದರು. ಜಗದೇವಿ ಎದ್ದು ಹೋಗಿ ಅವರ ಹತ್ತಿರ ಏನೋ ಹೇಳಿ ಮರಳಿ ಬಂದು ಸಂಘಮಿತ್ರಾಳ ಪಕ್ಕ ಕೂತಳು. ಅವಳ ಹಿಂದೆ ಉಳಿದವರೂ ಬಂದು ಕೂತರು.

“ನೀವ್ಯಾಕ ಕುಂತ್ರಿ? ನಿಮ್ಮ ಸರ್ ನಿಮಗ ಸಿಕ್ರಲ್ಲ,” ಎಂದಳು ಸಂಘಮಿತ್ರಾ ಮೂಗು ಒರೆಸಿಕೊಳ್ಳುತ್ತ.

“ನಿಮಗೂ ಸಿಕ್ಕಿದ್ರಲ್ಲ ಅಕ್ಕಾ,” ಎಂದಳು ಜಗದೇವಿ. “ಮತ್ತ ನೀವ್ಯಾಕ ಬಂದ್ರಿ?”

ಸಂಘಮಿತ್ರಾ ಸರಿದು ಅವಳಿಗೆ ಜಾಗ ಮಾಡಿಕೊಟ್ಟಳು.